ಇದ್ದರೂ ಇರಬಹುದು

ಪ್ರಧಾನಿಯವರ ಭದ್ರತಾ ಸಲಹೆಗಾರರಾಗಿ ಎರಡು ವರ್ಷವಾದರೂ ಕಚೇರಿಯಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ. ಇಪ್ಪತ್ತೆಂಟು ವರ್ಷ ವಿಶ್ವವಿದ್ಯಾಲಯದಲ್ಲಿ ಯುದ್ಧಗಳ ಪಾಠ ಹೇಳಿ ಸೈ ಎನಿಸಿಕೊಂಡವರು. ಯುದ್ಧವೇ ಎದುರು ಬಂದು ಕೂತಾಗ ಮಾತ್ರ ಪಾಠವೆಲ್ಲ ಮರೆತುಹೋಗುತ್ತಿತ್ತು.

ಆವತ್ತು ಮಧ್ಯಾಹ್ನ ಮೂರಕ್ಕೆ, ಊಟದ ಡಬ್ಬಿ ತೆರೆದಾಗ, ಸೇನಾ ಕಚೇರಿಯಿಂದ ಆದೇಶದ ಪ್ರತಿ ಬಂತು. 'ಗಡಿಯಾಚೆಯ ಕಾರ್ಖಾನೆಯಲ್ಲಿ ಕ್ಷಿಪಣಿಗಳು ಇವೆ. ನಾಲ್ಕು ಗಂಟೆಗೆ ದಾಳಿ.' ಡಬ್ಬಿಯನ್ನು ಹಾಗೇ ಮುಚ್ಚಿಟ್ಟರು. 'ಇವೆ' ಎಂದು ಹೇಳಿದವರು ಯಾರು? ಪ್ರಧಾನಿಗೆ ಕೊಟ್ಟಿದ್ದ ತಮ್ಮ ಟಿಪ್ಪಣಿ ತೆಗೆದು ನೋಡಿದರೆ ಅದರಲ್ಲಿದ್ದದ್ದು 'ಇರಬಹುದು'. ಅದಕ್ಕೂ ಮೊದಲಿನ ಕರಡಿನಲ್ಲಿ 'ಇದ್ದರೂ ಇರಬಹುದು'. "ನಿಮ್ಮ ಪುರಾಣ ಸಾಕು, ಒಂದೇ ಪುಟ ಇರ್ಲಿ" ಎಂದು ಪ್ರಧಾನಿ ಗದರಿದ್ದಕ್ಕೆ ಅಲ್ಲಿ ಇಲ್ಲಿ ಕತ್ತರಿ ಆಡಿಸಿದ್ದರು. ವಿದ್ಯಾರ್ಥಿಗಳು ಹೀಗೆ ಮಾಡಿದ್ದರೆ ಜನ್ಮ ಜಾಲಾಡುತ್ತಿದ್ದ ಮಹಾನುಭಾವರು ತಾವೇ ಒಂದು 'ಇದ್ದರೂ' ನುಂಗಿ ನೀರು ಕುಡಿದಿದ್ದರು! ಹಗಲು ಪಾಳಿಯ ಇನ್ನೂರು ಜನ ಆ ಕಾರ್ಖಾನೆಯಲ್ಲಿದ್ದರು.

ಪ್ರಧಾನಿಯ ಕೋಣೆಯ ಬಾಗಿಲಲ್ಲಿ ಆಪ್ತ ಕಾರ್ಯದರ್ಶಿ ಅಡ್ಡ ನಿಂತಳು. "ಈಗ ಒಳಗೆ ಹೋದ್ರೆ ನಿಮ್ಮ ಕೆಲಸಕ್ಕೇ ಕುತ್ತು, ಮೇಷ್ಟ್ರೇ."

"ದಾರಿ ಬಿಡಮ್ಮ," ಎಂದು ನುಗ್ಗಿದರು. ಆಗಲೇ ಮೂರು ನಲವತ್ತು.

ವಿಷಯ ಕೇಳಿ ಪ್ರಧಾನಿ ಕೆಂಡಾಮಂಡಲವಾದರು. "ಏನ್ರೀ ಹುಡುಗಾಟ ಇದು? ಅಲ್ಲಿ ಇದೆಯೋ ಇಲ್ವೋ, ಒಂದೇ ಮಾತಲ್ಲಿ ಹೇಳಿ."

'ಇಲ್ಲ' ಎಂಬ ಮಾತು ನಾಲಗೆ ತುದಿಗೆ ಬಂತು. ಅಷ್ಟು ಅಂದರೆ ವಿಮಾನಗಳು ನಿಲ್ಲುತ್ತವೆ. ಆದರೆ ನಿಜವಾಗಿ ಇದ್ದುಬಿಟ್ಟರೆ? ನಾಳೆ ಅವು ಬೀಳುವುದು ಈ ಊರಿನ ಮೇಲೆ, ಮಗಳು ಪಾಠ ಹೇಳುವ ಶಾಲೆಯ ಮೇಲೆ.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋಕೆ ನೀವ್ಯಾಕ್ರೀ ಬೇಕು ನಂಗೆ?"

"ಗೊತ್ತಿಲ್ದೇ ಇರೋದನ್ನ ಗೊತ್ತಿರೋ ಹಾಗೆ ಬರ್ದೆ. ತಪ್ಪು ನಂದು. ಅದಕ್ಕೆ ಇನ್ನೂರು ಜನ ಯಾಕೆ ಸಾಯ್ಬೇಕು?"

ಪ್ರಧಾನಿ ಹಲ್ಲು ಕಚ್ಚಿ ಗಡಿಯಾರ ನೋಡಿದರು. ಆಮೇಲೆ ಫೋನೆತ್ತಿ "ನಿಲ್ಸಿ" ಎಂದರು. ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. "ನಾಳೆಯಿಂದ ನೀವು ಬರೋದು ಬೇಡ."

ಕೆಲಸ ಹೋದದ್ದು ತಲೆಗೇ ಇಳಿಯಲಿಲ್ಲ. ಮೆಟ್ಟಿಲ ಬಳಿ ನಿಂತು ಮಗಳಿಗೆ ಫೋನ್ ಮಾಡಿದರು. "ಪುಟ್ಟಾ, ಒಂದೆರಡು ದಿನ ಶಾಲೆಗೆ ರಜಾ ಹಾಕಿ ಮನೇಲೇ ಇರ್ತೀಯಾ?"

ಅಪ್ಪನ ದನಿಯಲ್ಲಿದ್ದ ಭಯ ಅವಳಿಗೆ ತಟ್ಟಿರಬೇಕು. ಮೆಲ್ಲಗೆ ಕೇಳಿದಳು:

"ನಾನೊಬ್ಬಳೇನಾ ಅಪ್ಪಾ, ಮಕ್ಕಳೂನಾ?"