ಕೊಂಡವರು ನೋಡಿಕೊಳ್ಳುತ್ತಾರೆ

ಮೂವತ್ತೊಂದು, ಅಂಗಿಯ ನಂಬರು ಅದೇ ಮೂವತ್ತೊಂದು, ಬೆನ್ನು ಮಾತ್ರ ಬೇರೆ ಯಾರದೋ — ಅಂಗಿ ಭುಜದ ಹತ್ತಿರ ಜೋಲುತ್ತಿದೆ, ಯೋರ್ವಿಸನ ಭುಜ ಅಗಲವಿತ್ತು, ಹೊಲಿಗೆ ಬಿಟ್ಟಾಗ ಎರಡು ಸಲ ಸೂಜಿ ಹಾಕಿದ್ದು ತಾನೇ ಅಲ್ಲವೇ, ಹೆರಾನ್ಸ್ ಬೇಸ್‌ಬಾಲ್ ತಂಡದವರು ಹೊಸ ಅಂಗಿ ಹೊಲಿಸುವುದಿಲ್ಲ, ಮನುಷ್ಯ ಹೋದರೆ ಅಂಗಿ ಒಗೆದು ಮುಂದಿನವನಿಗೆ — ವೆರ್ನಾ ನಿಂಬೆ ಪಾನಕದ ಲೋಟವನ್ನು ಕಾಲ ಬಳಿ ಇಟ್ಟಳು. ಬಿಸಿಲಿಗೆ ಮೈದಾನದ ಬೆಂಚಿನ ಹಲಗೆ ಕಾದಿದೆ, ಧ್ವನಿವರ್ಧಕ ಹೊಸಬನ ಹೆಸರು ಕೂಗುತ್ತಿದೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಮೂರು ವಾರದ ಹಿಂದೆ ಯೋರ್ವಿಸನಿಗೂ ಇಷ್ಟೇ ಜೋರಾಗಿ ತಟ್ಟಿದ್ದರು, ನಮ್ಮೋನು ಕಣ್ರೋ ಅಂದಿದ್ದರು, ಯಾರ ನಮ್ಮೋನು. ಮೇ ತಿಂಗಳಲ್ಲಿ ಒಂದು ಚೀಲ ಹೊತ್ತು ವೆನೆಜುವೆಲಾದಿಂದ ಅಮೆರಿಕದ ಈ ಊರಿಗೆ ಬಂದವನು, ಇಪ್ಪತ್ತೇಳು ವರ್ಷ, ಅಲ್ಲಿನ ಕುಮಾನಾದಲ್ಲಿ ಹೆಂಡತಿ, ಒಂದು ಹೆಣ್ಣು ಕೂಸು, ತಂಡ ಕೊಡುವ ಸಂಬಳದಲ್ಲಿ ಬಾಡಿಗೆ ಕೋಣೆ ಸಿಗದು ಅಂತ ಊರಿನವರೇ ಆಟಗಾರರನ್ನು ಮನೆಗೊಬ್ಬರಂತೆ ಹಂಚಿಕೊಳ್ಳುತ್ತಾರೆ, ಅವಳ ಪಾಲಿಗೆ ಬಂದವನು ಚೆಂಡು ಎಸೆಯುವ ಈ ಪಿಚರ್, ಮಹಡಿಯ ಹೊಲಿಗೆ ಕೋಣೆಯಲ್ಲಿ ಮಂಚಕ್ಕಿಂತ ಉದ್ದ ಮಲಗಿದವನು. ಅಮ್ಮಾ, ಈ ಸಪ್ಪೆ ಆಲೂಗಡ್ಡೆ ತಿಂದೂ ತಿಂದೂ ನೀವು ಅಯೋವಾದವರು ನಗೋದನ್ನೇ ಮರ್ತಿದ್ದೀರಿ — ಅವಳು ಸೌಟಿನಲ್ಲಿ ಹೊಡೆಯಲು ಹೋದಳು, ಅವನು ಬಾಗಿ ತಪ್ಪಿಸಿಕೊಂಡ, ಆಗಲೇ ಕಂಡಿದ್ದು, ಬಲ ಮೊಣಕೈ ಊದಿ ಕೆಂಪಾಗಿತ್ತು. ಏನೂ ಇಲ್ಲಮ್ಮಾ, ಹಳೇ ನೋವು, ನಮ್ಮಿಬ್ಬರಲ್ಲೇ ಇರ್ಲಿ. ಬಕೆಟ್ಟಿನ ತುಂಬ ಮಂಜುಗಡ್ಡೆ, ಅದರಲ್ಲಿ ತೋಳಿಟ್ಟು ಹಲ್ಲು ಕಚ್ಚಿ ಕೂರುತ್ತಿದ್ದ, ಹೆಂಡತಿ ಫೋನ್ ಮಾಡಿದರೆ ಮಾತ್ರ ನಗುಮುಖ.

ಇದ್ದುಬಿಡಬೇಕಿತ್ತು ಬಾಯಿ ಮುಚ್ಚಿಕೊಂಡು. ಅಲ್ಲೇ, ಆ ಹಾಟ್ ಡಾಗ್ ಅಂಗಡಿಯ ಮುಂದೆ, ತಂಡದ ವ್ಯವಹಾರ ನೋಡಿಕೊಳ್ಳುವ ಕೆಟರಿಂಗ್ ಎಂಬವನು ಕೈಗೆ ಸಾಸಿವೆ ಸಾಸ್ ಮೆತ್ತಿಕೊಂಡು ನಿಂತಿದ್ದ, ಶುಕ್ರವಾರ ದೊಡ್ಡ ಕ್ಲಬ್ಬಿನವರು ಬರ್ತಾರೆ ವೆರ್ನಾ, ನಿಮ್ಮ ಮನೇಲಿರೋ ಹುಡುಗನನ್ನ ಕೊಂಡ್ಕೊಳ್ತಾರೆ, ಬರೀ ಟಿಕೆಟು ಬಿಯರು ಮಾರಿದ್ರೆ ಈ ಮೈದಾನದ ದೀಪ ಉರಿಯುತ್ತಾ, ವರ್ಷಕ್ಕೊಬ್ಬನನ್ನಾದ್ರೂ ಮಾರ್ಬೇಕು. ಅವಳಿಗೆ ಎಂಥ ಸಂತೋಷ. ಅಷ್ಟು ಬೆಲೆ ಕೊಟ್ಟು ಕೊಂಡವರು ಜೋಪಾನ ಮಾಡದೇ ಇರುತ್ತಾರೆಯೇ, ಕೊಂಡವರು ನೋಡಿಕೊಳ್ಳುತ್ತಾರೆ ಅಂದುಕೊಂಡಳು, ಅಂದುಕೊಂಡದ್ದನ್ನು ಅಂದೂಬಿಟ್ಟಳು, ಅವರ ಹತ್ರ ಒಳ್ಳೇ ಡಾಕ್ಟರಿದ್ದಾರಲ್ಲ, ಮೊದಲು ಆ ಮೊಣಕೈ ನೋಡೋಕೆ ಹೇಳಿ, ಪಾಪ ಊದ್ಕೊಂಡಿದೆ. ಕೆಟರಿಂಗ್ ಅಗಿಯುವುದನ್ನು ನಿಲ್ಲಿಸಿದ. ಯಾವ ಮೊಣಕೈ?

ಶುಕ್ರವಾರ ಬಂದವರು ಮೊದಲು ಮೊಣಕೈ ಒತ್ತಿ ನೋಡಿದರು, ನಾಲ್ಕು ಚೆಂಡು ಎಸೆಸಿದರು, ಮೊಣಕೈಯ ಒಳಗಿನ ಫೋಟೋ ತೆಗೆಸಿದರು, ಊಟಕ್ಕೂ ನಿಲ್ಲದೆ ಹೋದರು. ಮರುದಿನ ತಂಡದಿಂದಲೂ ಬಿಡುಗಡೆ — ಹೊರದೇಶದವರಿಗೆ ಇರೋದೇ ಕೆಲವು ಜಾಗ, ಎಸೆಯೋಕಾಗದವನನ್ನ ಇಟ್ಕೊಂಡು ಏನ್ಮಾಡ್ಲಿ ಹೇಳಿ, ಗೊತ್ತಾದ ಮೇಲೆ ಮುಚ್ಚಿಟ್ಟು ಮಾರೋಕಾಗುತ್ತಾ, ನಾಳೆ ನಮ್ಮ ಹತ್ರ ಯಾರು ಕೊಳ್ತಾರೆ — ಕೆಟರಿಂಗ್ ಕಣ್ಣಲ್ಲೂ ನೀರಿತ್ತು, ಅವನನ್ನು ಬೈಯಲೂ ಆಗದು. ಕೆಲಸ ಹೋದರೆ ವೀಸಾವೂ ಹೋಯಿತು. ಹಳೆಯ ಟ್ರ್ಯಾಕ್ಟರ್ ಮಾರುವ ಗಂಡ ಓರಿನ್ ಒಂದೇ ಮಾತು ಅಂದಿದ್ದು, ಮಾರೋ ಮುಂಚೆ ಗಾಡಿ ಕೆಟ್ಟಿದೆ ಅಂತ ಹೇಳ್ತಾರೇನೇ, ಇನ್ನೊಂದು ವಾರ ಸುಮ್ಮನಿದ್ದಿದ್ರೆ ರಿಪೇರಿ ಖರ್ಚು ಕೊಂಡವರದ್ದೇ ಆಗ್ತಿತ್ತು ಕಣೇ. ಒಂದು ವಾರ. ಹೇಗೂ ಆ ಕೈ ಕೈಕೊಡುತ್ತಿತ್ತು, ಕೊಡಲಿ, ಅವರ ಅಂಗಿಯಲ್ಲಿದ್ದಾಗ ಕೊಟ್ಟಿದ್ದರೆ ಅವರ ಆಸ್ಪತ್ರೆ, ಅವರ ಡಾಕ್ಟರು, ಈಗ ಅವನು ಕುಮಾನಾದಲ್ಲಿ ಮಾವನ ಮೀನಿನ ಅಂಗಡಿಯಲ್ಲಿ ಎಡಗೈಯಲ್ಲಿ ಬುಟ್ಟಿ ಎತ್ತುತ್ತಾನಂತೆ, ಪತ್ರದಲ್ಲಿ ಹಾಗೆ ಬರೆದು ಪಕ್ಕದಲ್ಲೊಂದು ನಗುವ ಮುಖ ಬಿಡಿಸಿದ್ದಾನೆ, ಉತ್ತರ ಬರೆಯಲು ಮೂರು ಸಲ ಕೂತು ಎದ್ದಳು, ಏನಂತ ಬರೆಯುವುದು, ಬರೆಯುವುದಿರಲಿ ಬಾಯಲ್ಲಿ ಹೇಳುವ ಹೊತ್ತು ಎದುರಿಗೇ ಇತ್ತಲ್ಲ — ಹೊರಡುವ ಬೆಳಿಗ್ಗೆ, ಬಸ್ಸಿಗೆ ಇನ್ನೂ ಒಂದು ಗಂಟೆ, ಅವಳು ಅವನಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಾಳೆ, ಅಮ್ಮಾ, ಅವರು ಬಂದವರೇ ನೇರ ಮೊಣಕೈಗೇ ಕೈ ಹಾಕಿದ್ರು, ಯಾರೋ ಹೇಳಿದ್ದಾರೆ, ಯಾರಿರಬಹುದು, ತಂಡದಲ್ಲೇ ಯಾರೋ ಹೊಟ್ಟೆಕಿಚ್ಚಿನವನು — ಹೇಳು, ಈಗ ಹೇಳು, ತಿರುಗಿ ಹೇಳು — ನೀವಂತೂ ಅಲ್ಲ ಅಂತ ಗೊತ್ತು ಅಮ್ಮಾ ನಂಗೆ — ಪ್ರತಿ ಸಲವೂ ಇಲ್ಲಿಗೆ ಬಂದು ಮನಸ್ಸು ನಿಂತುಬಿಡುತ್ತದೆ, ಮುಂದೆ ಹೋಗದು, ಬಾಣಲೆಯಲ್ಲಿ ಅವನಿಗೆಂದು ಒಡೆದು ಹಾಕಿದ ಮೊಟ್ಟೆ, ಅದರ ಬಿಳಿಯ ಅಂಚು ಸುತ್ತಲೂ ಮೇಲೆದ್ದು ಕಂದಾಗಿ, ಕಂದು ಕಪ್ಪಾಗಿ, ಅವಳು ನೋಡುತ್ತಲೇ ಇದ್ದಾಳೆ, ಕೈಯಲ್ಲಿ ಸಟ್ಟುಗವಿದೆ, ಮಗುಚುತ್ತಿಲ್ಲ.