ಅತ್ತಿ ಮರದ ಮಡುವಿನ ಗೆಂಡೆ

ಚಾಂದ್ ಪಾಷನ ಕೈ ಒಳ್ಳೆಯದು, ಬಾಯಿ ಮಾತ್ರ ಸ್ವಲ್ಪ ಸಡಿಲ. ಚಳ್ಳಕೆರೆಯ ಆಯಿಲ್ ಮಿಲ್ಲುಗಳಲ್ಲಿ ಯಾವ ಇಂಜಿನ್ ಕೆಟ್ಟು ಕೂತರೂ ಅವನಿಗೇ ಕರೆ ಬರುತ್ತಿತ್ತು. ಅವನು ಹೋಗಿ ನಾಲ್ಕು ಬೋಲ್ಟು ತಿರುವಿದರೆ ಸಾಕು, ಇಂಜಿನ್ ಕೆಮ್ಮಿ ಎದ್ದು ಕೂರುತ್ತಿತ್ತು. ಆದರೆ ಸಂಜೆ ಟೀ ಅಂಗಡಿಯಲ್ಲಿ ಅದೇ ಕಥೆ ಹೇಳುವಾಗ ಆ ನಾಲ್ಕು ಬೋಲ್ಟು ನಲವತ್ತಾಗುತ್ತಿದ್ದವು. ಕೇಳುವವರಿಗೂ ಅದು ಗೊತ್ತಿತ್ತು, ಹೇಳುವವನಿಗೂ ಗೊತ್ತಿತ್ತು. ಇದರಿಂದ ಯಾರ ಗಂಟೂ ಹೋಗಿರಲಿಲ್ಲ, ಮೊಳಕಾಲ್ಮುರಿನಿಂದ ಮುಬಷೀರ್ ದಂಪತಿ ಅವನ ಮನೆಗೆ ಬಂದ ಆ ಭಾನುವಾರದ ತನಕ.

ಮುಬಷೀರ್ ರೇಷ್ಮೆ ನೂಲಿನ ವ್ಯಾಪಾರಿ. ಮಾತು ಕಡಿಮೆ, ಗಡ್ಡ ನೀವಿಕೊಳ್ಳುವುದು ಜಾಸ್ತಿ. ಅವರ ಮಗ ಶಹನವಾಜ್ ಮೊದಲೇ ಒಮ್ಮೆ ಬಂದು ಚಾಂದ್ ಪಾಷನ ಮಗಳು ಮೆಹಜಬೀನಳನ್ನು ನೋಡಿ ಹೋಗಿದ್ದ. ಅಂದಿನಿಂದ ಹುಡುಗಿ ಪಾತ್ರೆ ತೊಳೆಯುವಾಗಲೂ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ತಾಯಿಯಿಲ್ಲದ ಮಗಳು ಹಾಗೆ ನಗುವುದನ್ನು ಕಂಡು ಚಾಂದ್ ಪಾಷ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದ. ಈ ಸಂಬಂಧ ಒಂದು ಕೂಡಿಬಂದರೆ ಸಾಕಪ್ಪಾ ಅಂತ ಪ್ರತಿ ನಮಾಜಿನಲ್ಲೂ ಬೇಡಿಕೊಳ್ಳುತ್ತಿದ್ದ.

ಅಂದು ಎಲ್ಲ ಸರಿಯಾಗಿಯೇ ನಡೆದಿತ್ತು. ಮುಬಷೀರರ ಹೆಂಡತಿ ಶಹನಾಜ್ ಹುಡುಗಿಯ ಕೆನ್ನೆ ಸವರಿದರು. ಬಿರಿಯಾನಿ ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ಅದೂ ಇದೂ ಮಾತಾಡುತ್ತಾ ಮುಬಷೀರ್, ತಮಗೆ ಮೀನಿನ ಗಾಳದ ಹುಚ್ಚಿದೆ, ಕಂಡ ಕೆರೆಯ ದಡದಲ್ಲೆಲ್ಲ ಕೂತು ಬಂದವರು ತಾವು ಎಂದರು. ಚಾಂದ್ ಪಾಷನ ಬಾಯಿಗೆ ಅಷ್ಟು ಸಾಕಾಯಿತು.

"ಕೆರೆ ಮೀನು ಬಿಡಿ ಭಾಯ್. ನಮ್ಮ ವೇದಾವತಿ ಹೊಳೇಲಿ, ಗೆಳೆಯ ಜಯಣ್ಣನ ಹೊಲದ ಹಿಂದೆ, ಅತ್ತಿ ಮರದ ಮಡು ಐತೆ. ಅಲ್ಲಿ ಇಷ್ಟುದ್ದ ಗೆಂಡೆ ಮೀನು ಹಿಡಿದೆ ನಾನು!" ಎಂದು ಚಾಂದ್ ಪಾಷ ಬೆರಳ ತುದಿಯಿಂದ ತೋಳಿನ ಬುಡದವರೆಗೆ ಅಳೆದು ತೋರಿಸಿದ.

ಮುಬಷೀರ್ ಟೀ ಲೋಟ ಕೆಳಗಿಟ್ಟರು. "ಆ ಹೊಳೇಲಿ ನೀರು ಹರಿಯೋದೇ ಅಪರೂಪ. ಗೆಂಡೆ ಅಷ್ಟು ಬೆಳೀತದಾ?"

"ಬೇಕಾದ್ರೆ ಬಂದು ನೋಡಿ!"

"ಸರಿ, ಮುಂದಿನ ಭಾನುವಾರ ಬರ್ತೀನಿ. ಮೀನು ತೋರಿಸಿ. ಬಾಕಿ ಮಾತೆಲ್ಲ ಆಮೇಲೆ" ಎಂದು ಅವರು ಗಡ್ಡ ನೀವಿಕೊಂಡರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದಾಗ ಚಾಂದ್ ಪಾಷನ ತಾಯಿ ಖಾತೂನ್ ಬೀ ಬಾಗಿಲಲ್ಲೇ ಕಾಯುತ್ತಿದ್ದಳು. "ಮೊಮ್ಮಗಳ ಮದುವೇನ ತಗೊಂಡು ಹೋಗಿ ಮೀನಿನ ಬಾಲಕ್ಕೆ ಕಟ್ಟಿದೆಯಲ್ಲೋ!" ಎಂದಳು. ಮೆಹಜಬೀನ್ ಒಳಗೆ ಹೋದಳು. ಪಾತ್ರೆ ತೊಳೆದಳು, ನಗಲಿಲ್ಲ.

ಮಡುವಿನಲ್ಲಿ ಗೆಂಡೆ ಇದ್ದದ್ದು ಸುಳ್ಳಲ್ಲ. ಹಿಂಗಾರು ಹುಯ್ದು ಆ ವರ್ಷ ಹೊಳೆ ಹರಿದಾಗ ಅವನೂ ಜಯಣ್ಣನೂ ಕಣ್ಣಾರೆ ಕಂಡಿದ್ದರು. ಅತ್ತಿ ಹಣ್ಣು ನೀರಿಗೆ ಬಿದ್ದ ಕೂಡಲೇ ಕೆಳಗಿನಿಂದ ಒಂದು ದೊಡ್ಡ ಬಾಯಿ ಬಂದು ಅದನ್ನು ನುಂಗಿ ಹೋಗಿತ್ತು. ನೋಡಿದೆ ಎನ್ನಬೇಕಾದಲ್ಲಿ ಹಿಡಿದೆ ಅಂದಿದ್ದೇ ತಪ್ಪು. ಈಗ ಆ ಮಾತನ್ನು ನಿಜ ಮಾಡಲು ಅವನ ಕೈಯಲ್ಲಿ ಒಂದು ವಾರವಿತ್ತು.

ದಿನಾ ಬೆಳಿಗ್ಗೆ ಲೂನಾ ಏರಿ ಹೊಳೆಗೆ ಹೋದ. ಮೊದಲು ಎರೆಹುಳು ಕಟ್ಟಿದ. ಬೆರಳುದ್ದದ ಮರಿಗಳು ಬಂದು ಕಿತ್ತು ತಿಂದು ಹೋದವು. ಮಿಡತೆ ಕಟ್ಟಿದರೂ ಅದೇ ಹಾಡು. ಜಯಣ್ಣನ ಹೆಂಡತಿ ರಂಗಕ್ಕ ಕೊಟ್ಟ ರಾಗಿ ಮುದ್ದೆ ನೀರಲ್ಲಿ ಕರಗಿತು. ಅತ್ತಿ ಹಣ್ಣನ್ನೇ ಚುಚ್ಚಿದ. ಗೆಂಡೆ ಪಕ್ಕದಲ್ಲಿ ಉದುರಿದ ಹಣ್ಣು ತಿಂದಿತು, ಅವನದನ್ನು ಬಿಟ್ಟಿತು.

ಜಯಣ್ಣ ಬದುವಿನ ಮೇಲೆ ಕೂತು ನೋಡುತ್ತಿದ್ದ. ಹೊಲ, ಕುರಿ ಎರಡನ್ನೂ ನೋಡಿಕೊಂಡು ಬದುಕಿದ ಆಸಾಮಿ. ಹುಡುಗತನದಿಂದ ಇಬ್ಬರೂ ಗೆಳೆಯರು.

"ಲೇ ಪಾಷ, ಅದು ಮುದಿ ಮೀನು. ನೀನು ಲೈಟ್ ಕಂಬ ನಿಂತಂಗೆ ದಡದ ಮೇಲೆ ನಿಂತ್ರೆ ನಿನ್ನ ನೆರಳು ಮಡು ತುಂಬ ಬೀಳ್ತೈತೆ. ಕೂತ್ಕಳಲೇ! ಆ ದಾರದ ಬೆಂಡು, ಸೀಸದ ಗುಂಡು ಎರಡೂ ಕಿತ್ತಾಕು. ಹಣ್ಣು ಬಿದ್ದಂಗೆ ತಾನಾಗೇ ಮುಳುಗ್ಬೇಕು."

ಚಾಂದ್ ಪಾಷ ಕೂತ, ಬೆಂಡು ಕಿತ್ತ, ಗುಂಡು ಕಿತ್ತ. ಮಿಲ್ಲಿನಿಂದ ಬಿಸಿ ಆರದ ಶೇಂಗಾ ಹಿಂಡಿ ತಂದ. ಅದರ ಪುಡಿಯನ್ನು ದಿನವೂ ಮಡುವಿಗೆ ಎರಚಿ ಮೀನಿಗೆ ರುಚಿ ಹತ್ತಿಸಿದ. ಎರಚಿದ ಪುಡಿಯನ್ನು ಗೆಂಡೆ ಮೇಯುತ್ತಿತ್ತು. ಅದೇ ಹಿಂಡಿಯನ್ನು ಅವನು ಕೈಯಾರೆ ನಾದಿ ಉಂಡೆ ಮಾಡಿ ಗಾಳಕ್ಕೆ ಮೆತ್ತಿದರೆ ಹತ್ತಿರ ಬಂದು, ಮೂಸಿ, ಹೆಣ್ಣು ಒಪ್ಪದೆ ಎದ್ದು ಹೋದ ಬೀಗರ ಹಾಗೆ ತಿರುಗಿ ಹೋಗುತ್ತಿತ್ತು. ಪುಡಿ ಆಗುತ್ತದೆ, ಉಂಡೆ ಆಗುವುದಿಲ್ಲ. ಯಾಕೆ? ತಲೆ ಕೆಟ್ಟು ಹೋಯಿತು ಅವನಿಗೆ. ಶನಿವಾರವೂ ಬರಿಗೈಯಲ್ಲೇ ಮನೆಗೆ ಬಂದ.

ಮೆಹಜಬೀನ್ ರೊಟ್ಟಿ ಸುಡುತ್ತಿದ್ದಳು. ಹಲ್ಲಿಲ್ಲದ ಖಾತೂನ್ ಬೀಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಡಬೇಕು. ತಾಯಿಯನ್ನು ಸಮಾಧಾನ ಮಾಡೋಣವೆಂದು ಚಾಂದ್ ಪಾಷ ತಾನೇ ಮುರಿಯಲು ಕೈ ಹಾಕಿದ. ಮುದುಕಿ ತಟ್ಟೆ ಎಳೆದುಕೊಂಡಳು.

"ನೀನು ಮುಟ್ಟಬೇಡ! ನಿನ್ನ ಕೈ ಸೋಕಿದ್ದು ನನಗೆ ಇಳಿಯಲ್ಲ."

"ಕೈ ತೊಳ್ಕೊಂಡೇ ಬಂದೀನಮ್ಮಾ."

"ಯಾತರಲ್ಲಿ? ಸೀಮೆಎಣ್ಣೇಲಿ ತಾನೇ! ನಿಮ್ಮಪ್ಪನೂ ಹಂಗೇ. ಮೂವತ್ತು ವರ್ಷ ಅವರ ಕೈಯಿಂದ ಒಂದು ಬಾಳೆಹಣ್ಣು ತಿನ್ನಲಿಲ್ಲ ನಾನು."

ಚಾಂದ್ ಪಾಷ ಹಾಗೇ ಕೂತುಬಿಟ್ಟ. ಮೆಕ್ಯಾನಿಕ್ಕರ ಮಡಿ ಅಂದರೆ ಅದೇ. ಗ್ರೀಸು ಹೋಗಬೇಕಾದರೆ ಮೊದಲು ಸೀಮೆಎಣ್ಣೆ, ಆಮೇಲೆ ಸೋಪಿನ ಪುಡಿ. ಗಾಳದ ಉಂಡೆ ನಾದುವ ಮೊದಲು ಅವನು ದಿನವೂ ಎರಡೆರಡು ಸಲ, ಬಹಳ ಶ್ರದ್ಧೆಯಿಂದ, ಸೀಮೆಎಣ್ಣೆಯಲ್ಲಿ ಕೈ ತೊಳೆದಿದ್ದ. ಪುಡಿಯನ್ನು ಚೀಲದಿಂದ ಸೀದಾ ಸುರಿಯುತ್ತಿದ್ದ. ಉಂಡೆಯನ್ನು ಮಾತ್ರ ಅಂಗೈಯಲ್ಲಿ ಮಿದಿಯುತ್ತಿದ್ದ! ಎದ್ದು ತಾಯಿಯ ಕಾಲು ಮುಟ್ಟಿದ. ಮಗನಿಗೆ ತಲೆ ಕೆಟ್ಟಿತೆಂದು ಮುದುಕಿ ಗಾಬರಿಯಾದಳು.

"ಬೇಟಾ, ನನಗೊಂದು ಹಿಟ್ಟು ನಾದಿ ಕೊಡ್ತೀಯಾ?" ಎಂದು ಮಗಳನ್ನು ಕೇಳಿದ.

ಮೆಹಜಬೀನ್ ಯಾವ ಹಿಟ್ಟು, ಯಾಕೆ ಎಂದು ಕೇಳಲಿಲ್ಲ. ಹಿಂಡಿ ಕುಟ್ಟಿ ಜರಡಿ ಹಿಡಿದಳು. ಹುರಿಗಡಲೆ ಪುಡಿ, ಚೂರು ಬೆಲ್ಲ, ಉಂಡೆ ನೀರಲ್ಲಿ ಬಿಟ್ಟುಹೋಗದಿರಲೆಂದು ಹತ್ತಿಯ ಎಳೆ ಸೇರಿಸಿ ನಾದಿದಳು. ಚಪಾತಿ ಹಿಟ್ಟಿಗೂ ಅವಳು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುವಾಗ, "ಅಬ್ಬಾ, ಸಿಗ್ತದಲ್ಲ?" ಎಂದಳು. ಅಷ್ಟೇ ಕೇಳಿದ್ದು.

ಭಾನುವಾರ ಮುಬಷೀರ್ ಮೊದಲ ಬಸ್ಸಿಗೇ ಬಂದಿಳಿದರು. ಬಿಳಿ ಪೈಜಾಮ, ಬಿಳಿ ಜುಬ್ಬಾ, ಕಂಕುಳಲ್ಲಿ ಒಂದು ಡಬ್ಬಿ. ಮಡುವಿನ ಹತ್ತಿರ ಅದನ್ನು ತೆಗೆದಾಗ ಜಯಣ್ಣ ಮೂಗು ಮುಚ್ಚಿಕೊಂಡ. ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿದ ರೇಷ್ಮೆ ಹುಳುಗಳು.

"ಇದರ ಮುಂದೆ ಯಾವ ಹಿಂಡಿ ನಡೀತದ್ರಿ? ನಮ್ಮೂರ ಮಾಲು" ಎಂದು ಮುಬಷೀರ್ ತಾವೇ ಮೊದಲು ಗಾಳ ಬಿಟ್ಟರು. ಬಿಸಿಲೇರುವ ತನಕ ಕೂತರು. ಒಂದು ಏಡಿ ಬಂತು.

"ಈಗ ನಿಮ್ಮದು ನೋಡೋಣ" ಎಂದು ಕೋಲು ಚಾಂದ್ ಪಾಷನ ಕೈಗೆ ಕೊಟ್ಟರು.

"ಉಂಡೆ ನೀವೇ ಮೆತ್ತಿ ಭಾಯ್. ನನ್ನ ಕೈ ಆಗಲ್ಲ ಅದಕ್ಕೆ."

ಮುಬಷೀರ್ ಬಟ್ಟೆ ಬಿಡಿಸಿ, ಚೂರು ಹಿಟ್ಟನ್ನು ಬೆರಳಲ್ಲಿ ಒತ್ತಿ, ಮೂಸಿ ನೋಡಿದರು. "ಯಾರು ನಾದಿದ್ದು?"

"ಮೆಹಜಬೀನ್."

ಮುಬಷೀರ್ ತಲೆಯಾಡಿಸಿದರು. ಅತ್ತಿ ಹಣ್ಣಿನಷ್ಟು ಉಂಡೆ ಮಾಡಿ ಗಾಳ ಕಾಣದ ಹಾಗೆ ಮೆತ್ತಿದರು. ಚಾಂದ್ ಪಾಷ ಮಂಡಿ ಮಡಚಿ ಕೂತು, ಕೊಂಬೆಯ ಕೆಳಗೆ ಮೆಲ್ಲಗೆ ಬಿಟ್ಟ. ಉಂಡೆ ಮುಳುಗಿತು. ನೀರಿನೊಳಗೆ ಕಪ್ಪಗೆ ಏನೋ ಎದ್ದು ಬಂತು. ಮೂಸಿತು. ಅವನು ಕೋಲನ್ನು ಅಲುಗಾಡಿಸದೆ ಹಿಡಿದ. ಯಾ ಅಲ್ಲಾ, ಇದೊಂದು ಸಲ.

ದಾರ ಬಿಗಿಯಿತು, ಕೋಲು ನೀರಿಗೆ ಬಾಗಿತು.

"ಬೇರಿನ ಕಡೆ ಬಿಡಬ್ಯಾಡಲೇ! ಬೇರಿಗೆ ಸಿಕ್ರೆ ಹೋತು!" ಎಂದು ಜಯಣ್ಣ ಕುಣಿದ. ಚಾಂದ್ ಪಾಷ ಕಾಲು ಊರಿ ಎಳೆದ. ಮೀನು ಒಮ್ಮೆ ಮಗ್ಗುಲು ತಿರುಗಿ ಮೇಲೆ ಬಂತು. ತಾಮ್ರದ ಹಂಡೆ ಬೆಳಗಿದ ಹಾಗಿದ್ದ ಮೈಯನ್ನು ಮೂವರೂ ಪೂರ್ತಿ ನೋಡಿದರು. ಮುಬಷೀರ್ ಚಪ್ಪಲಿಯನ್ನೂ ಬಿಡದೆ ಸೊಂಟದ ತನಕ ನೀರಿಗಿಳಿದು, ಎರಡೂ ಕೈಯಿಂದ ಮೀನನ್ನು ಎದೆಗೆ ಅವಚಿಕೊಂಡರು. ಕೆಳಗಿನ ಕಲ್ಲು ಜಾರಿತು. ದೊಡ್ಡ ಮನುಷ್ಯರು ಧೊಪ್ಪೆಂದು ಬಿದ್ದರು, ದಾರ ಫಟ್ಟೆಂದಿತು, ಗೆಂಡೆ ಹೋಯಿತು.

ಚಾಂದ್ ಪಾಷ ದಾರ ಹರಿದ ಕೋಲು ಹಿಡಿದು ನಿಂತ. ಅವನ ಕಣ್ಣ ಮುಂದೆ ಬಂದದ್ದು ಮೀನಲ್ಲ, ನಗದೆ ಪಾತ್ರೆ ತೊಳೆಯುವ ಮಗಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ಭಾಯ್, ಸುಳ್ಳು ಹೇಳಿದ್ದೆ. ಅದನ್ನ ಹಿಡಿದಿರಲಿಲ್ಲ, ಬರೀ ನೋಡಿದ್ದೆ. ಬಾಯಿ ನನ್ನದು, ತಪ್ಪು ನನ್ನದು. ಅದನ್ನ ಮಗಳ ತಲೆಗೆ ಕಟ್ಟಬೇಡಿ" ಎಂದ.

ಮುಬಷೀರ್ ಕೆಸರಲ್ಲೇ ಕೂತು ಗಡ್ಡದ ನೀರು ಹಿಂಡುತ್ತಿದ್ದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಜಯಣ್ಣ ಓಡಿದ. ಅವರು ನಗುತ್ತಿದ್ದರು.

"ಮಗಳ ಮಾತು ಯಾಕೆ ಬಂತು? ಅದು ಅವತ್ತೇ ಮುಗೀತಲ್ರಿ! ಬಸ್ಸಲ್ಲಿ ಕೂತ ಕೂಡಲೇ ನಮ್ಮವಳು ಮದುವೆ ಸೀರೆ ಬಣ್ಣ ಯೋಚಿಸ್ತಿದ್ಲು."

"ಮತ್ತೆ... ಬಾಕಿ ಮಾತು ಆಮೇಲೆ ಅಂದ್ರಿ?"

"ಬಾಕಿ ಅಂದ್ರೆ ತಾರೀಕು, ಅಡಿಗೆ, ಶಾಮಿಯಾನ. ಮಗನಿಗೆ ಗಾಳ ಅಂದ್ರೆ ಬೇಜಾರು. ನನ್ನ ಜೊತೆ ಹೊಳೆಗೆ ಬರೋರು ಒಬ್ರೂ ಇಲ್ಲ. ನೀವು ಸಿಕ್ರಿ ಅಂತ ಖುಷಿಗೆ ಬಂದೆ ನಾನು" ಎಂದ ಮುಬಷೀರ್, ಒದ್ದೆ ಕೈಗಳನ್ನು ಅಗಲಿಸಿ ನೋಡಿಕೊಂಡರು. "ಈಗ ಇದನ್ನ ಮೊಳಕಾಲ್ಮುರಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಸಾಕ್ಷಿಗೆ ನೀವೇ ಬರಬೇಕು ಪಾಷಾ ಸಾಬ್. ನನಗೆ ಬೇರೆ ಗತಿ ಇಲ್ಲ."

ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಇಂಜಿನ್ನನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು ಚಾಂದ್ ಪಾಷನಿಗೆ. ದಡದ ಮೇಲೆ ಕುಸಿದು ಕೂತು, ನಕ್ಕ, ಅತ್ತ, ಮತ್ತೆ ನಕ್ಕ. ಜಯಣ್ಣ ಉಳಿದ ಹಿಟ್ಟನ್ನು ಮಡುವಿಗೆ ಹಾಕಿದ. ಅದರ ಪಾಲು ಅದಕ್ಕೆ ಸಲ್ಲಲಿ ಎಂದ.

ಮನೆ ಬಾಗಿಲಲ್ಲಿ ಮೆಹಜಬೀನ್ ಮೊದಲು ನೋಡಿದ್ದು ಇಬ್ಬರ ಬರಿಗೈಗಳನ್ನು. ಅವಳ ಮುಖ ಬಾಡುವಷ್ಟರಲ್ಲಿ ಅಪ್ಪ ಕಣ್ಣಲ್ಲೇ ಎಲ್ಲ ಸರಿಹೋಯಿತು ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಒಳಗಿನಿಂದ ನಗು ಕೇಳಿಸಿತು.

ಮುಬಷೀರ್ ಚಾಂದ್ ಪಾಷನ ಲುಂಗಿ ಉಟ್ಟು ಖಾತೂನ್ ಬೀ ಮುಂದೆ ಕೂತರು. ಮೀನಿನ ಕಥೆ ಶುರುವಾಯಿತು. ಹೇಳುತ್ತಾ ಹೇಳುತ್ತಾ ಕೈಗಳು ಅಗಲವಾಗುತ್ತಾ ಹೋಗಿ ಒಂದು ಗೋಡೆಗೂ ಇನ್ನೊಂದು ನೀರಿನ ಹೂಜಿಗೂ ತಾಗಿತು. ಮುದುಕಿ ಅನುಮಾನದಿಂದ ಮಗನ ಕಡೆ ತಿರುಗಿದಳು.

"ನಿಜಾನೇನೋ? ಅಷ್ಟಿತ್ತಾ?"

ಚಾಂದ್ ಪಾಷ ಬೀಗರ ಕೈ ನೋಡಿದ, ಅಡಿಗೆಮನೆಯ ಬಾಗಿಲು ನೋಡಿದ.

"ಇಲ್ಲಮ್ಮಾ. ಅವರು ಸಂಕೋಚ ಮಾಡ್ಕೊತಿದಾರೆ. ಅದಕ್ಕಿಂತ ನಾಲ್ಕು ಬೆರಳು ಜಾಸ್ತೀನೇ ಇತ್ತು."