ಒಂದು ಬಿಟ್ಟು

ಕಂಟ್ರಾಕ್ಟರರು ಸೊಂಟದಿಂದ ಕೈ ತೆಗೆದದ್ದೇ ತಡ, ಹೊಸ ಪ್ಯಾಂಟು ಸರ್ರನೆ ಜಾರಿ ಮೊಣಕಾಲ ಹತ್ತಿರ ಕೂತಿತು. ಪುಣ್ಯಕ್ಕೆ ಅಂಗಿ ಉದ್ದವಿತ್ತು. ಇಲ್ಲದಿದ್ದರೆ ಅವರ ಮಾನವೂ ಹೊಲಿಗೆ ಅಂಗಡಿಯ ಮಾನವೂ ಒಟ್ಟಿಗೇ ಬೀದಿಗೆ ಬರುತ್ತಿತ್ತು.

"ಏನಮ್ಮ ಇದು? ನನಗೊಬ್ಬನಿಗೆ ಹೊಲಿದ್ರೋ, ನಮ್ಮ ಭಾವನ್ನೂ ಸೇರಿಸಿ ಹೊಲಿದ್ರೋ?" ಎಂದು ಅವರು ಪ್ಯಾಂಟನ್ನು ಎರಡೂ ಕೈಯಿಂದ ಮೇಲೆಳೆದು ಹಿಡಿದುಕೊಂಡರು.

ಸೊಸೆಗೆ ನಗು ಬಂತು, ನುಂಗಿಕೊಂಡಳು. ನಗುವ ಹಾಗಿರಲಿಲ್ಲ, ಆ ಪ್ಯಾಂಟು ಕತ್ತರಿಸಿ ಹೊಲಿದವಳು ಅವಳೇ. ಹೆಬ್ಬೆರಳ ನೋವು ಹೆಚ್ಚಾದ ಮೇಲೆ ಅತ್ತೆ ಕತ್ತರಿಯನ್ನೇನೋ ಅವಳ ಕೈಗೆ ಕೊಟ್ಟಿದ್ದರು. ಟೇಪು ಮಾತ್ರ ಕೊಟ್ಟಿರಲಿಲ್ಲ. ಅದು ಸದಾ ಅತ್ತೆಯ ಕೊರಳಲ್ಲೇ. ಅತ್ತೆ ಅಳೆದು ಕೂಗಬೇಕು, ಸೊಸೆ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಬರೆದುಕೊಂಡು, ಮರದ ಸ್ಕೇಲಿನಿಂದ ಗುರುತು ಹಾಕಿ ಕತ್ತರಿಸಬೇಕು. ಅಂಗಡಿ ನಡೆಯುತ್ತಿದ್ದುದೇ ಹೀಗೆ.

ಅತ್ತೆ ಕಂಟ್ರಾಕ್ಟರರ ಬೆನ್ನ ಹಿಂದೆ ಹೋಗಿ ಸೊಂಟಪಟ್ಟಿಯನ್ನು ಚಿವುಟಿ ಹಿಡಿದು ನೋಡಿದರು. "ಎರಡಿಂಚು ಸಡಿಲ! ನಾನು ಎಷ್ಟು ಅಂದಿದ್ದೆ?"

"ನಲವತ್ತಮೂರು."

"ನಲವತ್ತಮೂರು, ಒಂದು ಬಿಟ್ಟು ಅಂದಿದ್ದೆ."

"ಒಂದು ಬಿಟ್ಟೇ ಹೊಲಿದೀನಲ್ಲ ಅತ್ತೆ. ನಲವತ್ತಮೂರರ ಮೇಲೆ ಒಂದಿಂಚು ಸಡಿಲ ಬಿಟ್ಟಿದೀನಿ."

"ಮೇಲೆ ಬಿಟ್ಟೆಯಾ? ಅಯ್ಯೋ ಮಂಕೇ, ಒಂದು ಬಿಟ್ಟು ಅಂದ್ರೆ ಒಂದು ಕಳೆದು!" ಅತ್ತೆ ಕೊರಳಿನ ಟೇಪಿನ ತುದಿ ಎತ್ತಿ ತೋರಿಸಿದರು. ತುದಿಯ ಹಿತ್ತಾಳೆ ಚೂರು ಇರಲಿಲ್ಲ. ಮೊದಲನೆಯ ಇಂಚೇ ಇರಲಿಲ್ಲ. ಟೇಪು ಒಂದರಿಂದ ಶುರುವಾಗುತ್ತಿತ್ತು. "ಹೋದ ವಾರ ಇಸ್ತ್ರಿ ಪೆಟ್ಟಿಗೆ ಕೆಳಗೆ ಸಿಕ್ಕಿ ಸುಟ್ಟುಹೋಯ್ತು. ಸುಟ್ಟಿದ್ದನ್ನ ಕತ್ತರಿಸಿ ಬಿಸಾಕ್ದೆ. ಅದಕ್ಕೇ ಎಲ್ಲದರಲ್ಲೂ ಒಂದು ಬಿಟ್ಟು ಲೆಕ್ಕ."

"ನನಗೆ ಹೇಳ್ಲೇ ಇಲ್ವಲ್ಲ!"

ಹೇಳುವುದು ಹೇಗೆ? ಇಸ್ತ್ರಿ ಪೆಟ್ಟಿಗೆಯ ಹತ್ತಿರ ಒಂದು ದಾರದುಂಡೆ ಬಿಟ್ಟರೂ ಸೊಸೆಗೆ ಸಹಸ್ರನಾಮ ಆಗುತ್ತಿತ್ತು. ತಾನೇ ಟೇಪು ಸುಟ್ಟದ್ದನ್ನು ಆ ಬಾಯಿ ಹೇಗೆ ಒಪ್ಪಿಕೊಂಡೀತು! ಸೊಸೆಗೆ ಸಿಟ್ಟು ನೆತ್ತಿಗೇರಿತು. ಏನೋ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಬೇರೆಯದೇ ಹೊಳೆಯಿತು.

"ಅತ್ತೆ, ಗುಬ್ಬಿ ಬೆಲ್ಟು ಅಳೆದದ್ದು ಯಾವಾಗ?"

ಅತ್ತೆ ಕೈಯಲ್ಲಿದ್ದ ಟೇಪಿನ ತುದಿ ನೋಡಿಕೊಂಡರು. ಗುಬ್ಬಿ ಅತ್ತೆಯ ಮಗಳು, ಸೊಸೆಗೆ ನಾದಿನಿ. ಹಿಂದಿನ ಬೀದಿಯ ನಾಟಕದ ಮನೆಯಲ್ಲಿ ಅವಳದು ಹಕ್ಕಿಯ ಪಾತ್ರ. ಮಾಳಿಗೆಯಷ್ಟು ಎತ್ತರದ ಅಟ್ಟದಿಂದ ಎರಡೂ ಕೈ ರೆಕ್ಕೆಯ ಹಾಗೆ ಮೇಲೆತ್ತಿ, ಜನರ ತಲೆಯ ಮೇಲೆ ಹಾರಿ ಬರಬೇಕು. ಹಗ್ಗ ಸಿಕ್ಕಿಸುವ ಬೆಲ್ಟು ವೇಷದೊಳಗೆ ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಕೂರುತ್ತದೆ. ಹೊರಗೆ ಕಾಣಬಾರದೆಂದು ಅದಕ್ಕೆ ಬಕಲ್ ಇಲ್ಲ, ಬರೀ ಕೊಕ್ಕೆ. ಬಿಗಿ ಮಾಡಿಕೊಳ್ಳುವ ದಾರಿಯೇ ಇಲ್ಲ. ಹೊಸ ಬೆಲ್ಟು ಹಾಕಿಕೊಂಡು ಮೊದಲ ರಿಹರ್ಸಲ್ ಇವತ್ತು, ನಾಲ್ಕಕ್ಕೆ. ಗೋಡೆ ಗಡಿಯಾರದಲ್ಲಿ ನಾಲ್ಕಾಗುತ್ತ ಬಂದಿತ್ತು.

"ಅದೂ ಇದೇ ಟೇಪು," ಎಂದರು ಅತ್ತೆ.

ಸೊಸೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಗಿ ನಿಂತಿತು. ರಿಹರ್ಸಲ್ಲಿನ ಹೊತ್ತಿಗೆ ಅಲ್ಲಿ ಎಲ್ಲರ ಫೋನನ್ನೂ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ಅವಳು ಫೋನನ್ನು ಮೇಜಿನ ಮೇಲೆ ಎಸೆದು ಓಡಿದಳು. ಚಪ್ಪಲಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಓಡುವಾಗ ಅವಳ ಕಣ್ಣ ಮುಂದೆ ಬೆಲ್ಟು ಅಳೆದ ಮಧ್ಯಾಹ್ನವೇ ಕುಣಿಯುತ್ತಿತ್ತು. ಅತ್ತೆ ಅಳತೆ ತೆಗೆಯುವುದೆಂದರೆ ಅದೊಂದು ಶಿಸ್ತು. ಗುಬ್ಬಿಯ ಸ್ವೆಟರ್ ಬಿಚ್ಚಿಸಿದ್ದರು. ಕೈ ಎತ್ತಿಸಿ ಟೇಪು ಸುತ್ತಿ, ಮತ್ತೆ ಕೈ ಇಳಿಸಿ ನೆಟ್ಟಗೆ ನಿಲ್ಲಿಸಿದ್ದರು. ಬೆನ್ನಿನ ಕಡೆ ಟೇಪು ಇಳಿದಿದೆಯೋ ಎಂದು ಕನ್ನಡಿಯಲ್ಲಿ ನೋಡಿ, ನೆಲಕ್ಕೆ ಸಮವಾಗಿ ಎತ್ತಿದ್ದರು. ಟೇಪು ಮೈಗೆ ತಾಗಬೇಕು, ಮೈಯನ್ನು ಕಚ್ಚಬಾರದು. "ಹೊಟ್ಟೆ ಒಳಗೆ ಎಳ್ಕೋಬೇಡ, ಕೆಳಗೆ ನೋಡ್ಬೇಡ, ಉಸಿರಾಡ್ತಾ ಇರು," ಎಂದು ಮಗಳನ್ನು ಗದರಿಸಿದ್ದರು. ಆಮೇಲೆ ಕೂಗಿದ್ದರು: "ಮೂವತ್ತೊಂದು, ಒಂದು ಬಿಟ್ಟು."

ಅಷ್ಟೆಲ್ಲ ಸರಿಯಾಗಿ ಅಳೆದು ಕೊನೆಗೆ ಆ ಹಾಳು ಮಾತು! ಮೂವತ್ತು ಬೇಕಾಗಿದ್ದ ಬೆಲ್ಟು ಮೂವತ್ತೆರಡು ಆಗಿ ಕೂತಿತ್ತು.

ಸೊಸೆಗೆ ಆವತ್ತೇ ಅನುಮಾನ ಬಂದಿತ್ತು. ಮನುಷ್ಯರನ್ನು ಹೊರುವ ಬೆಲ್ಟಿಗೆ ಸಡಿಲ ಯಾಕೆ? ಕೇಳಬೇಕೆಂದು ಬಾಯಿಗೆ ಬಂದಿತ್ತು. ಆದರೆ ಬೆಳಿಗ್ಗೆಯಷ್ಟೇ ಯಾವುದೋ ತೋಳಿನ ಅಳತೆ ಎರಡು ಸಲ ಕೇಳಿದ್ದಕ್ಕೆ ಅತ್ತೆ ಗಿರಾಕಿಗಳ ಮುಂದೆಯೇ, "ಕಿವಿಗೆ ಹತ್ತಿ ಇಟ್ಕೊಂಡಿದೀಯಾ?" ಎಂದು ಮರ್ಯಾದೆ ಕಳೆದಿದ್ದರು. ಒಳಗೆ ದಪ್ಪ ಬಟ್ಟೆ ಹಾಕ್ಕೋತಾಳೇನೋ, ನನಗ್ಯಾಕೆ ಉಸಾಬರಿ ಅಂದುಕೊಂಡು ಸುಮ್ಮನಾಗಿದ್ದಳು.

ನಾಟಕದ ಮನೆಯ ಬಾಗಿಲಲ್ಲಿ ಕಾವಲಿನವ ಅಡ್ಡ ನಿಂತ. "ರಿಹರ್ಸಲ್ ನಡೀತಿದೆ, ಈಗ ಯಾರೂ ಒಳಗೆ ಹೋಗೋ ಹಾಗಿಲ್ಲ."

"ನಮ್ಮ ಗುಬ್ಬಿ ಬೀಳ್ತಾಳೆ ಕಣಪ್ಪಾ!" ಅವಳು ಅವನ ತೋಳಿನ ಕೆಳಗೆ ನುಸುಳಿ ಒಳಗೆ ಓಡಿದಳು. ಅವನು ಸೆರಗು ಹಿಡಿದ. ಸೆರಗು ಪರ್ರೆಂದು ಹರಿಯಿತು.

ಒಳಗೆ ಕತ್ತಲು. ಮೇಲಿನ ಅಟ್ಟದ ಮೇಲೆ ಮಾತ್ರ ದೀಪ. ಗುಬ್ಬಿ ಬಿಳಿ ರೆಕ್ಕೆ ತೊಟ್ಟು ಅಂಚಿನಲ್ಲಿ ನಿಂತಿದ್ದಳು. ಅವಳ ಒಂದು ಕೈ ಕಂಬಿಯನ್ನು ಹಿಡಿದಿತ್ತು. ಕೆಳಗೆ ಹಗ್ಗದ ಮೇಷ್ಟ್ರು ಇಬ್ಬರು ಆಳುಗಳ ಜೊತೆ ಹಗ್ಗ ಹಿಡಿದು ಮೇಲೆ ನೋಡುತ್ತಿದ್ದರು. ಅವರು "ಬಿಡು" ಅಂದ ಕೂಡಲೇ ಗುಬ್ಬಿ ಕಂಬಿ ಬಿಟ್ಟು ಹಾರಬೇಕು. ಊಟದ ಹೊತ್ತಿನಲ್ಲಿ ಅವಳು ಮನೆಯವರಿಗೆಲ್ಲ ಇದನ್ನು ಕುಣಿದು ತೋರಿಸಿದ್ದಳು. ಬಿಡು ಅನ್ನುವ ಮಾತು ಪೂರ್ತಿ ಆಗುವುದರೊಳಗೆ ನಾನು ಗಾಳಿಯಲ್ಲಿರ್ತೀನಿ ಅಂತ ಜಂಬ ಬೇರೆ.

"ಗುಬ್ಬೀ, ಬಿ—" ಎಂದವಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು.

ಬಿಡಬೇಡ ಅನ್ನಬೇಕಿತ್ತು. ಬಿಡ ಅನ್ನುವಷ್ಟು ಕೇಳಿದರೂ ಸಾಕು, ಆ ಹುಡುಗಿ ಹಾರಿಬಿಡುತ್ತಾಳೆ. ಮೇಲೆ ಗುಬ್ಬಿಯ ಬೆರಳು ಕಂಬಿಯಿಂದ ಅರ್ಧ ಎದ್ದಿದ್ದವು. ಬೇರೆ ಯಾವ ಮಾತೂ ನೆನಪಾಗಲಿಲ್ಲ. ಕೊನೆಗೆ ಅಂಗಡಿಯಲ್ಲಿ ಅಳತೆ ತೆಗೆಯುವಾಗ ದಿನವಿಡೀ ಕೇಳುವ ಮಾತೇ, ಅತ್ತೆಯ ದನಿಯಲ್ಲೇ ಬಾಯಿಂದ ಹೊರಬಿತ್ತು.

"ಅಲ್ಲಾಡ್ಬೇಡಾ!"

ಗುಬ್ಬಿ ಕಲ್ಲಾಗಿ ನಿಂತಳು. ಹಗ್ಗದ ಮೇಷ್ಟ್ರು ಉರಿದುಬಿದ್ದು ತಿರುಗಿದರು. "ಯಾರ್ರೀ ಅದು? ತಲೆ ನೆಟ್ಟಗಿದೆಯಾ?"

"ಬೆಲ್ಟು ಸಡಿಲ ಇದೆ. ಹೊಲಿದವಳು ನಾನೇ. ದಮ್ಮಯ್ಯ, ಅವಳನ್ನ ಮೆಟ್ಟಿಲಲ್ಲೇ ಇಳಿಸಿ."

"ನಾನೇ ಎಳೆದು ನೋಡಿದೀನಮ್ಮ. ಹೊಲಿಗೆ ಗಟ್ಟಿಯಾಗಿದೆ."

"ಹೊಲಿಗೆ ಗಟ್ಟೀನೇ ಸ್ವಾಮಿ, ಅಳತೆ ತಪ್ಪು!"

ಗುಬ್ಬಿ ದುಸುದುಸು ಅನ್ನುತ್ತ ಇಳಿದು ಬಂದಳು. "ಎಲ್ಲರ ಮುಂದೆ ಮಾನ ಕಳೆದ್ಯಲ್ಲ ಅತ್ತಿಗೆ. ಏನಾಗಿದೆ ಬೆಲ್ಟಿಗೆ? ಆರಾಮಾಗಿದೆ."

"ಆರಾಮಾಗಿ ಇರ್ಬಾರ್ದು ಕಣೇ. ಕೈ ಮೇಲೆತ್ತು."

ಅವಳು ಕೈ ಎತ್ತಿದಳು. ಮೇಷ್ಟ್ರು ವೇಷದ ಬೆನ್ನಿನ ಗುಂಡಿ ಬಿಚ್ಚಿಸಿ, ಆಳುಗಳಿಗೆ ಹಗ್ಗ ಎಳೆಯಲು ಹೇಳಿದರು. ಬೆಲ್ಟು ಪಕ್ಕೆಲುಬಿನ ಮೇಲೆ ಹತ್ತಿತು, ಕಂಕುಳಿಗೆ ಬಂತು, ಒಂದು ಕ್ಷಣ ಅಲ್ಲಿ ತಡೆಯಿತು. ಗುಬ್ಬಿ ಹೆದರಿ ಉಸಿರು ಬಿಟ್ಟಳು. ಬೆಲ್ಟು ಭುಜ ದಾಟಿ, ಎತ್ತಿದ ಕೈಗಳ ಮೂಲಕ ಸುಮ್ಮನೆ ಕಳಚಿ ಹಗ್ಗದ ಜೊತೆ ಮೇಲೆ ಹೋಯಿತು. ಗುಬ್ಬಿ ಒಂದು ಸಲ ಅಟ್ಟದ ಕಡೆ ನೋಡಿ, ಅಲ್ಲೇ ನೆಲದ ಮೇಲೆ ಕೂತಳು.

ಅತ್ತೆ ಬಂದದ್ದು ಆಗ. ಏದುಸಿರು ಬಿಡುತ್ತ ಕುಂಟಿಕೊಂಡು ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಗಾಳಿಯಲ್ಲಿ ತೂಗುತ್ತಿದ್ದ ಖಾಲಿ ಬೆಲ್ಟು. "ಅಯ್ಯೋ ನನ್ನ ಕಂದಾ!" ಎಂದು ಕುಸಿದರು.

"ಅಮ್ಮಾ, ಇಲ್ಲಿದೀನಿ. ಇಲ್ಲೇ ಇದೀನಿ ನೋಡು."

ಅತ್ತೆ ಮಗಳ ತಲೆ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದರು. ಮಗಳು ಇಡಿಯಾಗಿದ್ದಾಳೆಂದು ಖಾತ್ರಿಯಾದ ಮೇಲೆ ಭಯವೆಲ್ಲ ಸಿಟ್ಟಾಗಿ ಸೊಸೆಯ ಮೇಲೆ ತಿರುಗಿತು. "ನೇತಾಡೋ ಬೆಲ್ಟಿಗೆ ಯಾರಾದ್ರೂ ಸಡಿಲ ಇಡ್ತಾರಾ? ನಿನಗೆ ಅನುಮಾನವೇ ಬರ್ಲಿಲ್ವಾ?"

"ಬಂತು."

"ಬಂತಾ? ಬಂದ್ರೆ ಕೇಳೋಕೇನಾಗಿತ್ತು ನಿನಗೆ?"

ಸೊಸೆ ಹರಿದ ಸೆರಗನ್ನು ಸುತ್ತಿಕೊಂಡಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. "ಕೇಳಿದ್ರೆ ಬೈತಿದ್ರಿ."

"ಬೈತೀನಿ ಅಂತ ನನ್ನ ಮಗಳನ್ನ..." ಅತ್ತೆ ಮಗಳ ಮುಖ ನೋಡಿದರು. "ನಾನು ಅಷ್ಟೊಂದು ಬೈತೀನೇನೇ?"

ಗುಬ್ಬಿ ಅಮ್ಮನ ಕಣ್ಣು ತಪ್ಪಿಸಿದಳು. "ಹೂಂ ಅಮ್ಮ, ಬೈತೀಯ."

ಅತ್ತೆ ಕೊರಳಿನ ಟೇಪು ತೆಗೆದು ಪಕ್ಕಕ್ಕೆ ಇಟ್ಟರು. ಆಮೇಲೆ ಮೇಷ್ಟ್ರ ಹತ್ತಿರ ಒಂದು ಹೊಸ ಟೇಪು ಕೇಳಿ ತರಿಸಿಕೊಂಡರು. ಮಗಳನ್ನು ನಿಲ್ಲಿಸಿ ಎದೆಯ ಕೆಳಗೆ ಸುತ್ತಿದರು. "ಮೂವತ್ತು," ಎಂದರು.

ಸೊಸೆ ಕೆಳಗಿಳಿಸಿದ ಬೆಲ್ಟಿನ ಮೇಲೆ ಬರೆಯಲು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣ ತೆಗೆದು ಒತ್ತಿದಳು.

"ಕೇಳದೆ ಬರೀಬೇಡ ಕಣೇ!" ಅತ್ತೆ ಅವಳ ಕೈ ತಡೆದರು. "ಕೇಳು."

"ಸರಿಯಾಗಿ ಮೂವತ್ತಾ ಅತ್ತೆ?"

ಅತ್ತೆ ಟೇಪು ಬಿಚ್ಚಿ ಮತ್ತೆ ಸುತ್ತಿದರು, ಬೆನ್ನಿನ ಕಡೆ ಬಗ್ಗಿ ನೋಡಿದರು. "ಸರಿಯಾಗಿ ಮೂವತ್ತು."

"ಇನ್ನೊಂದ್ಸಲ ನೋಡ್ತೀರಾ?"

ಅತ್ತೆಯ ಬಾಯಿ ಅಭ್ಯಾಸಬಲದಿಂದ ಬೈಯಲು ತೆರೆಯಿತು, ಹಾಗೇ ಮುಚ್ಚಿಕೊಂಡಿತು. ಅವರು ಮೂರನೆಯ ಸಲ ಮಗಳ ಸುತ್ತ ಟೇಪು ಸುತ್ತಿದರು.